ರಾಜ ಕಳಿಸಿದ ಹೆಣ್ಣುಮಕ್ಕಳ ವಂಶ ಹುಡುಕೋದು ಹೇಗೆ?

350 ವರ್ಷ ಹಿಂದಿನ ನಿಮ್ಮ ಅಜ್ಜಿಯ ಹೆಸರು ಗೊತ್ತಾ?
ಕೆನಡಾದ ಕ್ವಿಬೆಕ್‌ನಲ್ಲಿ ಎಷ್ಟೋ ಜನಕ್ಕೆ ಗೊತ್ತು!

1663ರಿಂದ 1673ರವರೆಗೆ,
ಫ್ರಾನ್ಸ್ ರಾಜ 14ನೇ ಲೂಯಿ
ಸುಮಾರು 800 ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳಿಸಿದ.
ಅಲ್ಲಿ ನೆಲೆಸಿದ್ದ ಗಂಡಸರಿಗೆ ಮದುವೆ ಆಗಬೇಕಿತ್ತಲ್ಲ!

ಪ್ರತಿ ಮದುವೆಯನ್ನೂ ಪಾದ್ರಿ ಚರ್ಚ್ ಪುಸ್ತಕದಲ್ಲಿ ಬರೀತಿದ್ರು.
ವಧು, ವರ,
ಸಾಮಾನ್ಯವಾಗಿ ಇಬ್ಬರ ಅಪ್ಪ-ಅಮ್ಮನ ಹೆಸರೂ.
ಹೆಂಗಸರಿಗೆ? ತವರಿನ ಹೆಸರೇ!

ಹುಡುಕಾಟ ಅಂದ್ರೆ ಬಾವಿ ಹಗ್ಗ ಜಗ್ಗಿದ ಹಾಗೆ.
ಒಂದು ಮದುವೆ ಸಿಕ್ಕರೆ,
ಒಂದು ತಲೆಮಾರು ಮೇಲೆ ಬಂತು.

ಆದ್ರೆ ಹುಷಾರು!
ಆ ಗಂಡಸರಲ್ಲಿ ಸೈನಿಕರಾಗಿದ್ದವರಿಗೆ ಅಡ್ಡಹೆಸರು ಇರ್ತಿತ್ತು.
ಅಣ್ಣ ಮನೆಹೆಸರು ಉಳಿಸ್ಕೊಂಡ್ರೆ,
ತಮ್ಮ ಅಡ್ಡಹೆಸರನ್ನೇ ಹಿಡಿದಿರಬಹುದು.
ಎರಡರಲ್ಲೂ ಹುಡುಕಬೇಕು.

ಮಾಂಟ್ರಿಯಲ್ ವಿಶ್ವವಿದ್ಯಾಲಯ
1966ರಲ್ಲೇ ಈ ದಾಖಲೆ ಜೋಡಿಸೋ ಕೆಲಸ ಶುರು ಮಾಡಿತ್ತು.
ಕ್ವಿಬೆಕ್ ಮೂಲದ ಗೆಳೆಯರಿದ್ರೆ,
ಈ ವಿಡಿಯೊ ಕಳಿಸಿ!