ನಾಲ್ಕೂರ ಕಾಳುಪಲ್ಯ

ಜಮಖಂಡಿ ಬಸ್ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ ಒಂದೂವರೆ. ಸಮೀಪದ ಖಾನಾವಳಿಯ ಒಳಗೆ ಕಾಲಿಡುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಕೈ ತೊಳೆದು ಕೂತೆ, ತಾಟು ಬಂತು. ಎರಡು ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ನಾಲ್ಕು ಎಸಳು ಹಸಿ ಮೆಂತ್ಯ. ತಾಟಿನ ಅಂಚಿಗೆ ಒಂದು ಸೌಟಿನಷ್ಟು ಮಡಕಿಕಾಳಿನ ಪಲ್ಯ. ನಾನು ಬಂದದ್ದು ಅದಕ್ಕಾಗಿ.

ನಮ್ಮ ಕಡೆಯ ಊಟದ ಬಗ್ಗೆ ಬರೆದವರೆಲ್ಲ ರೊಟ್ಟಿಯನ್ನು, ಎಣಗಾಯಿಯನ್ನು ಹೊಗಳಿದ್ದಾರೆ. ಕಾಳುಪಲ್ಯವನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ. ಅದು ತಾನಾಗಿ ಬರುತ್ತದೆ, ಮುಗಿದರೆ ಮತ್ತೆ ಬೀಳುತ್ತದೆ. ಆದರೆ ಖಾನಾವಳಿಯ ಯೋಗ್ಯತೆ ತಿಳಿಯುವುದು ಅದರಲ್ಲೇ ಎಂದು ನನ್ನ ನಂಬಿಕೆ. ಎಣಗಾಯಿ ಸ್ವಲ್ಪ ಕೆಟ್ಟರೆ ಮೇಲಷ್ಟು ಎಣ್ಣೆ, ಶೇಂಗಾಪುಡಿ ಹಾಕಿ ಸರಿಪಡಿಸಬಹುದು. ಕಾಳಿಗೆ ಆ ದಾರಿಯಿಲ್ಲ. ಇವತ್ತಿನ ಮಧ್ಯಾಹ್ನದ ಮಡಕಿಕಾಳು ನಿನ್ನೆ ಬೆಳಿಗ್ಗೆಯೇ ನೀರಿಗೆ ಬಿದ್ದಿರಬೇಕು, ಸಂಜೆ ಬಸಿದು ಹಸಿ ಬಟ್ಟೆಯಲ್ಲಿ ಗಂಟು ಕಟ್ಟಿರಬೇಕು. ಚಳಿಗಾಲವಾದರೆ ಆ ಗಂಟನ್ನು ಒಲೆಯ ಹತ್ತಿರ ಬೆಚ್ಚಗಿಡಬೇಕು. ಬರುವವರ ಹಸಿವನ್ನು ಒಂದು ದಿನ ಮೊದಲೇ ನೆನೆದವರು ಮಾತ್ರ ಒಳ್ಳೆಯ ಕಾಳುಪಲ್ಯ ಉಣಿಸಬಲ್ಲರು.

ನನ್ನ ಪರೀಕ್ಷೆ ಸರಳ. ಮೊದಲು ಒಂದೇ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತುತ್ತೇನೆ. ಸಿಪ್ಪೆ ಕಾಳನ್ನು ಬಿಟ್ಟಿರಬಾರದು, ಒಳಗಿನ ತಿರುಳು ಮಾತ್ರ ಬೆಣ್ಣೆಯ ಹಾಗೆ ಜಾರಬೇಕು, ನಡುವೆ ರವೆಯಂಥ ಗಟ್ಟಿ ಉಳಿದಿರಬಾರದು. ಮೊಳಕೆ ಕಾಳಿನಷ್ಟೇ ಉದ್ದ ಇದ್ದರೆ ಚಂದ. ಅದಕ್ಕಿಂತ ಬೆಳೆದರೆ ಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ರಸ ತಾಗದಂತೆ ನಾಲ್ಕು ಕಾಳು ಬಾಯಿಗೆ. ಉಪ್ಪು ರಸದಲ್ಲಷ್ಟೇ ಇದೆಯೋ, ಕಾಳಿನ ಒಳಗೂ ಹೋಗಿದೆಯೋ ಎಂಬುದು ಆಗ ಗೊತ್ತಾಗುತ್ತದೆ. ಕೊನೆಗೆ ರೊಟ್ಟಿಯ ತುಂಡಿನಲ್ಲಿ ರಸ.

ಜಮಖಂಡಿಯ ಆ ತಾಟಿನ ಕಾಳು ಮೂರರಲ್ಲೂ ಗೆದ್ದಿತು. ರಸದ ಹಿಂದೆ ಒಂದು ಸಣ್ಣ ಸಿಹಿ ಇತ್ತು. ಬಡಿಸುತ್ತಿದ್ದ ಅಕ್ಕನನ್ನು ಕೇಳಿದೆ.

“ಯಕ್ಕಾ, ಬೆಲ್ಲ ಹಾಕೀರೇನು?”

“ಹೂಂ ರೀ ಅಣ್ಣಾರ, ಕಡೀಕ ಒಂದೀಟ. ಮದ್ಲs ಹಾಕಿದ್ರ ಕಾಳ ಬೇಯಂಗಿಲ್ರಿ.”

ಅವರು ಹೇಳಿದ್ದು ಅಕ್ಷರಶಃ ನಿಜ. ಬೆಲ್ಲವೂ ಹುಣಸೆಹುಳಿಯೂ ಕಾಳಿನ ಸಿಪ್ಪೆಯನ್ನು ಬಿಗಿಯುತ್ತವೆ. ಬೆಂದ ಮೇಲೆ ಹಾಕಿದರೆ ರುಚಿ, ಮೊದಲೇ ಹಾಕಿದರೆ ಕಲ್ಲು. ಈ ಸಿಹಿಗೆ ನಾನು ಜಮಖಂಡಿಯ ಇತಿಹಾಸವನ್ನೂ ನೆನೆಯುತ್ತೇನೆ. 1811ರಿಂದ 1948ರಲ್ಲಿ ವಿಲೀನವಾಗುವವರೆಗೆ ಇದು ಪಟವರ್ಧನರ ಸಂಸ್ಥಾನ. ಮರಾಠಿ ಮನೆಗಳ ಉಸಳವೂ ನಮ್ಮ ಉಸಳಿಯೂ ಇಲ್ಲಿ ಒಂದೇ ಓಣಿಯಲ್ಲಿ ಕುದ್ದಿವೆ. ದೂರದ ಅಮೆರಿಕದ ಬೋಸ್ಟನ್ನಿನಲ್ಲಿ ಬಿಳಿ ಕಾಳನ್ನು ಕಾಕಂಬಿ ಹಾಕಿ ತಾಸುಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವುದು ಹಳೆಯ ಪದ್ಧತಿ. ಕಬ್ಬಿನ ಸಿಹಿ ಕಾಳನ್ನು ಕೂಡುವುದು ಹೊಸದೇನಲ್ಲ. ನಮ್ಮಲ್ಲಿ ಪಕ್ಕದಲ್ಲೇ ಮಹಾಲಿಂಗಪುರದ ಬೆಲ್ಲದ ಪೇಟೆಯಿದೆ, ಚಿಟಿಕೆ ಬೆಲ್ಲಕ್ಕೆ ಬರವಿಲ್ಲ.

ಸಂಜೆಗೆ ಬನಹಟ್ಟಿ. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂಬುದು ಹೊರಗಿನವರಿಗೆ ತಿಳಿಯದು. ನಗರಸಭೆಯೂ ಎರಡಕ್ಕೂ ಒಂದೇ. ಓಣಿ ಹೊಕ್ಕರೆ ಮಗ್ಗದ ಸದ್ದು. ನೇಕಾರರ ಊಟಕ್ಕೆ ಬೇರೆಯದೇ ಲೆಕ್ಕ. ನಾನು ಕೂತ ಸಣ್ಣ ಖಾನಾವಳಿಯಲ್ಲಿ ಪಕ್ಕದವರು ಖಡಕ್ ರೊಟ್ಟಿಯನ್ನು ತಾಟಿನಲ್ಲಿ ಚೂರು ಚೂರು ಮುರಿದರು, ಮೇಲೆ ಎರಡು ಸೌಟು ಹೆಸರುಕಾಳು ರಸದ ಸಮೇತ ಹಾಕಿಸಿಕೊಂಡರು, ಅಂಗೈಯಿಂದ ಒತ್ತಿ ಕಲಸಿದರು. ಮೇಲೆ ಹಸಿ ಉಳ್ಳಾಗಡ್ಡಿ, ಒಂದು ಬೆರಳು ಕೆಂಪುಖಾರ. ಐದು ನಿಮಿಷದಲ್ಲಿ ಊಟ ಮುಗಿಸಿ ಎದ್ದರು. ಹೀಗೆ ಉಣ್ಣುವವರಿಗೆ ಕಾಳು ಬಿಡಿಬಿಡಿಯಾಗಿದ್ದರೆ ಸಾಲದು. ಕಾಲುಭಾಗ ಒಡೆದು ರಸಕ್ಕೆ ಮೈ ಕೊಡಬೇಕು. ನಾನೂ ಹಾಗೇ ಕಲಸಿ ಉಂಡೆ. ಜಮಖಂಡಿಯ ನನ್ನ ಮೊದಲ ನಿಯಮ ಇಲ್ಲಿ ನಡೆಯುವುದಿಲ್ಲ ಎಂದು ಒಪ್ಪಿಕೊಂಡು ಹೆಸರುಕಾಳಿಗೆ ಪೂರ್ಣ ಅಂಕ ಕೊಟ್ಟೆ.

ಈ ತಿರುಗಾಟದಲ್ಲಿ ಒಂದು ಕಡೆ ಮನಸ್ಸಿಗೆ ನೋವಾಯಿತು. ಊರು, ಖಾನಾವಳಿ ಯಾವುದೂ ಬೇಡ. ಪಲ್ಯ ಬಾಯಿಗಿಟ್ಟರೆ ಕಾಳು ಲೋಳೆಲೋಳೆ, ಸಿಪ್ಪೆಗಳೆಲ್ಲ ರಸದಲ್ಲಿ ತೇಲುತ್ತಿದ್ದವು, ಹಿಂದಿನಿಂದ ಸಾಬೂನಿನಂಥ ವಾಸನೆ. ಅಡುಗೆ ಸೋಡಾ! ಬೋರಿನ ಗಡಸು ನೀರಿನ ಸುಣ್ಣದಂಶ ಕಾಳು ಬೇಯಲು ಬಿಡುವುದಿಲ್ಲ, ಸೋಡಾ ಹಾಕಿದರೆ ಬೇಗ ಮೆತ್ತಗಾಗುತ್ತದೆ. ಆದರೆ ರುಚಿಯ ಜತೆ ಕಾಳಿನ ಬಿ1 ಜೀವಸತ್ವವೂ ಹಾಳಾಗುತ್ತದೆ. ಹಿಂದಿನ ದಿನ ನೆನೆಹಾಕಲು ಮರೆತದ್ದನ್ನು ಹಾಗೆ ಮುಚ್ಚಿದ್ದರು. ಅಲ್ಲೇ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದ ಹಮಾಲರನ್ನು ನೋಡಿ ನನಗೆ ಸಿಟ್ಟಿಗಿಂತ ಸಂಕಟ ಹೆಚ್ಚಾಯಿತು. ಅವರ ದಿನದ ಪೌಷ್ಟಿಕ ಊಟವೆಂದರೆ ಆ ಒಂದು ಸೌಟು ಕಾಳು.

ಮರುದಿನ ಮುಧೋಳದ ದಾರಿಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಕಬ್ಬು. ಸಕ್ಕರೆ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರುಗಳ ಸಾಲು, ಹಿಂದೆ ಎರಡೆರಡು ಟ್ರೇಲರು. ನೀರು ಈ ಸೀಮೆಗೆ ಏನು ಮಾಡಿತು ಎಂದು ಹೇಳುವಾಗ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯನ್ನು ಮರೆಯುವಂತಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಬರ ಕಂಡ ಮನೆಗಳಿಗೆ ಅದು ಬದುಕು ಕೊಟ್ಟಿತು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ನೀರಿನ ಹಿಂದೆ ಬಂದ ಕಬ್ಬು ಕಾಳನ್ನು ಹೊಲದಿಂದ ಎಬ್ಬಿಸಿತು ಎಂಬುದೂ ಅಷ್ಟೇ ನಿಜ. ಸಜ್ಜೆಯ ನಡುವೆ ಮಡಕಿ, ಹೆಸರು, ಅಲಸಂದಿಯನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಕಬ್ಬಿಗೆ ಕಬ್ಬೇ ಜೋಡಿ. ಮಣ್ಣಿಗೆ ಸಾರಜನಕ ತುಂಬುತ್ತಿದ್ದ ಬೇರುಗಳೂ ಅದರೊಂದಿಗೆ ಹೋದವು.

ಮುಧೋಳದಲ್ಲಿ, ರನ್ನನ ಊರಿನಲ್ಲಿ, ಊಟಕ್ಕೂ ಮೊದಲು ಕಿರಾಣಿ ಅಂಗಡಿಗೆ ಹೋದೆ. ಮಡಕಿಕಾಳಿನ ಚೀಲಕ್ಕೆ ಕೈ ಹಾಕಿ ಎಲ್ಲಿಯದು ಎಂದೆ. “ರಾಜಸ್ಥಾನದ್ರೀ ಸರ. ನಮ್ಮ ಕಡೆ ಯಾರ ಬೆಳೀತಾರ?” ಎಂದರು ಅಂಗಡಿಯವರು. ದೇಶದಲ್ಲಿ ಮಡಕಿ ಅತಿ ಹೆಚ್ಚು ಬೆಳೆಯುವುದು ರಾಜಸ್ಥಾನದ ಮರಳು ಸೀಮೆಯಲ್ಲೇ. ಊಟದಲ್ಲಿ ಎಣಗಾಯಿ ಬಹಳ ಚಲೋ ಇತ್ತು. ಕಾಳು ಮಾತ್ರ ಮೊಳಕೆಯಿಲ್ಲದ್ದು, ಮಸಾಲೆಯ ಭಾರಕ್ಕೆ ಸಿಕ್ಕಿ ತನ್ನ ರುಚಿ ಕಳೆದುಕೊಂಡದ್ದು. ಮಸಾಲೆ ಖಾರ ಒಂದು ಚಮಚ ಕಡಿಮೆಯಾಗಿದ್ದರೆ ಸಾಕಿತ್ತು.

ಬೀಳಗಿ ತಲುಪಿದಾಗ ಕತ್ತಲು. ಆಲಮಟ್ಟಿಯ ಹಿನ್ನೀರು ಈ ತಾಲ್ಲೂಕಿನ ಹೊಳೆದಂಡೆಯ ಎರೆಹೊಲಗಳನ್ನು, ಊರುಗಳನ್ನೇ ನುಂಗಿದೆ. ಪುನರ್ವಸತಿ ಕೇಂದ್ರಗಳಲ್ಲಿ ಆ ಊರುಗಳ ಹೆಸರು ಉಳಿದಿವೆ. ನಾನು ಹೋದ ಖಾನಾವಳಿ ಮನೆಯ ಪಡಸಾಲೆಯಲ್ಲೇ ಇತ್ತು, ನಾಲ್ಕು ಮೇಜು. ಗಂಡ ಬಡಿಸುತ್ತಿದ್ದರು, ಒಳಗೆ ಹೆಂಡತಿ. ಬಂದದ್ದು ಕಡ್ಲಿಕಾಳು, ಸುಗ್ಗಿಯ ಹೊಸ ಮಾಲು, ಊರ ಹೊಲದ್ದೇ. ಒಗ್ಗರಣೆಗೆ ಬೆಳ್ಳುಳ್ಳಿ, ಜೀರಿಗೆ, ಕರಿಬೇವು ಬಿಟ್ಟು ಬೇರೇನಿಲ್ಲ. ಒತ್ತಿದೆ, ಜಾರಿತು. ರಸವಿಲ್ಲದೆ ತಿಂದೆ, ಉಪ್ಪು ನಡುವಿನವರೆಗೂ ಹೋಗಿತ್ತು. ಮೂರು ಸಲ ಹಾಕಿಸಿಕೊಂಡೆ. ನಾಲ್ಕೂರಲ್ಲಿ ಇದೇ ಮೊದಲು ಎಂದು ಅಲ್ಲೇ ತೀರ್ಮಾನಿಸಿದೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಆ ತಾಯಿ ದೀಪದ ಕೆಳಗೆ ಕೂತು ಮೊರದಲ್ಲಿ ಮತ್ತೊಂದು ಪಾಲು ಕಡ್ಲಿ ಕೇರುತ್ತಿದ್ದರು. ಹರಳು ಆರಿಸಿ, ಸುಕ್ಕಿದ ಕಾಳು ಬೇರೆ ತೆಗೆದು, ಉಳಿದದ್ದನ್ನು ದೊಡ್ಡ ಪಾತ್ರೆಗೆ ಸುರಿದು ಅಂಗೈ ಮುಳುಗುವಷ್ಟು ನೀರು ಹಾಕಿದರು.

“ನಾಳೆ ಸಂತಿ ಅದರೀ, ಮಂದಿ ಭಾಳ ಬರ್ತಾರ,” ಎಂದು ಪಾತ್ರೆಗೆ ತಾಟು ಮುಚ್ಚಿದರು.