ಸೊಲ್ಲಾಪುರದಿಂದ ಜಹೀರಾಬಾದಿಗೆ: ಪೊಲೀಸ್ ಆ್ಯಕ್ಷನ್ ನಡೆದ ಹಾದಿ

1948ರ ಸೆಪ್ಟೆಂಬರ್ 16ರ ನಸುಕಿನಲ್ಲಿ ಜಹೀರಾಬಾದಿನತ್ತ ಹೊರಟ ಭಾರತೀಯ ಪಡೆ ದಾರಿಯಲ್ಲೇ ನಿಲ್ಲಬೇಕಾಯಿತು. ರಸ್ತೆಯಲ್ಲಿ ಮೈನುಗಳನ್ನು ಹೂಳಿದ್ದರು. ಅವನ್ನು ತೆಗೆದು ಮುಂದೆ ಬಂದರೆ, ಬೀದರ್ ರಸ್ತೆ ಕೂಡುವ ಕಡೆ ಹೊಂಚು ಹಾಕಿದ್ದವರ ಗುಂಡಿನ ಸುರಿಮಳೆ. ಲೆಫ್ಟಿನೆಂಟ್ ಕರ್ನಲ್ ರಾಮಸಿಂಗ್ ಒಂದಿಷ್ಟು ಜನರನ್ನು ಅಲ್ಲೇ ಬಿಟ್ಟು, ಉಳಿದವರೊಂದಿಗೆ ನುಗ್ಗಿದರು. ಕತ್ತಲಾಗುವ ಹೊತ್ತಿಗೆ ಪಡೆ ಜಹೀರಾಬಾದ್ ದಾಟಿ 15 ಕಿಲೋಮೀಟರ್ ಮುಂದಿತ್ತು. ಮರುದಿನ ಸಂಜೆ ಹೈದರಾಬಾದ್ ಸಂಸ್ಥಾನದ ಅರಸರಾದ ನಿಜಾಮರು ಕದನ ವಿರಾಮ ಘೋಷಿಸಿದರು.

ಇಂದು ಆ ಊರಿನ ಮೇಲೆ ಹಾದು ಹೈದರಾಬಾದಿಗೆ ಹೋಗುವವರಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ಪಾಣಿಪತ್, ತಾಳಿಕೋಟೆ, ಶ್ರೀರಂಗಪಟ್ಟಣಗಳನ್ನು ಹುಡುಕಿಕೊಂಡು ಹೋಗುವ ನಾವು, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಈ ಪೊಲೀಸ್ ಆ್ಯಕ್ಷನ್, ಅಂದರೆ ‘ಆಪರೇಷನ್ ಪೋಲೋ’ದ ಹಾದಿಯನ್ನು ಮರೆತಿದ್ದೇವೆ. ಅದರಲ್ಲೂ ಕನ್ನಡಿಗರು ಮರೆಯಬಾರದಿತ್ತು. ಆಗ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ.

ಆ ಹಾದಿಯ ಪ್ರವಾಸವನ್ನು ಸೊಲ್ಲಾಪುರದಿಂದಲೇ ಶುರು ಮಾಡುವುದು ಒಳ್ಳೆಯದು. ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಖ್ಯ ಪಡೆ ಸೆಪ್ಟೆಂಬರ್ 13ರ ನಸುಕಿನಲ್ಲಿ ಹೊರಟಿದ್ದು ಅಲ್ಲಿಂದ. ಹೋಗುವ ಮುನ್ನ ಎಸ್.ಎನ್. ಪ್ರಸಾದ್ ಬರೆದ, ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದ ‘ಆಪರೇಷನ್ ಪೋಲೋ’ (1972) ಪುಸ್ತಕ ಓದಿಕೊಂಡರೆ ಕಣ್ಣಿಗೆ ಬೀಳುವ ಪ್ರತಿ ಸೇತುವೆಗೂ ಅರ್ಥ ಬರುತ್ತದೆ.

ಮೊದಲು ಸಿಗುವುದು ನಳದುರ್ಗ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ ಪಾಣಿ ಮಹಲ್ ನೋಡಲು ಜನ ಇಲ್ಲಿಗೆ ಬರುತ್ತಾರೆ. ಕೋಟೆಯ ಪಕ್ಕದ ಬೋರಿ ನದಿಯತ್ತ ಅವರ ಗಮನ ಹೋಗುವುದು ಕಡಿಮೆ. ಹೈದರಾಬಾದ್ ಪಡೆ ಇಲ್ಲಿನ ಸೇತುವೆಯನ್ನು ಒಡೆದಿದ್ದರೆ ಟ್ಯಾಂಕುಗಳು ಹೊಳೆಯ ಆಚೆಗೇ ನಿಲ್ಲುತ್ತಿದ್ದವು. ಭಾರತದ ಏಳನೇ ಬ್ರಿಗೇಡ್ ಮೊದಲೇ ಧಾವಿಸಿ ಸೇತುವೆಯನ್ನು ಇಡಿಯಾಗಿ ಹಿಡಿಯಿತು. ಅದೇ ದಿನ ಎರಡನೇ ಸಿಖ್ ಬೆಟಾಲಿಯನ್ನಿನ ಹವಾಲ್ದಾರ್ ಬಚಿತ್ತರ್ ಸಿಂಗ್ ತೊಡೆಗೆ ಗುಂಡು ಬಿದ್ದು ನೆಲಕ್ಕುರುಳಿದರು. ಶತ್ರುವಿನ ಬ್ರೆನ್ ಗನ್ ಇನ್ನೂ ಗುಂಡು ಉಗುಳುತ್ತಿತ್ತು. ಅವರು ತೆವಳಿಕೊಂಡೇ ಹತ್ತಿರ ಹೋಗಿ ಎರಡು ಗ್ರೆನೇಡ್ ಎಸೆದು ಅದನ್ನು ಸುಮ್ಮನಾಗಿಸಿದರು. ಹಿಂದಕ್ಕೆ ಸಾಗಿಸುತ್ತೇವೆಂದರೆ ಒಪ್ಪಲಿಲ್ಲ; ಗಾಯದಿಂದಲೇ ತೀರಿಕೊಂಡರು. ದೇಶದ ಮೊಟ್ಟಮೊದಲ ಅಶೋಕ ಚಕ್ರ ಸಂದದ್ದು ಅವರಿಗೆ. ದಕ್ಷಿಣದಲ್ಲಿ ತುಂಗಭದ್ರೆಯ ರೈಲು ಸೇತುವೆಯ ಕಾಳಗದಲ್ಲಿ, ಕುಕ್ರಿ ಹಿಡಿದು ಮೆಷಿನ್ ಗನ್ ಮೇಲೆ ಬಿದ್ದ ಗೂರ್ಖಾ ಯೋಧ ನರಬಹಾದೂರ್ ಥಾಪಾ ಅವರಿಗೂ ಅದೇ ಗೌರವ ದೊರೆಯಿತು. ಆ ಕಾಳಗವೂ ನಡೆದದ್ದು ಸೆಪ್ಟೆಂಬರ್ 13ರಂದೇ.

ನಳದುರ್ಗದಿಂದ ಜಳಕೋಟ, ಉಮರ್ಗಾ. ಪಡೆ ಎರಡನೇ ದಿನ ಮುಟ್ಟಿದ್ದು ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರವನ್ನು. ಆ ದಿನ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಮೇಲಿನಿಂದ ದಾಳಿ ಮಾಡಿ ದಾರಿ ಬಿಡಿಸಿಕೊಟ್ಟವು. ಇಲ್ಲಿ ಒಂದು ಎಚ್ಚರಿಕೆ: ಹೊಸ ಹೆದ್ದಾರಿ ಹಲವು ಊರುಗಳನ್ನು ಹೊರಗೇ ಬಿಟ್ಟು ಓಡುತ್ತದೆ. ಕಾಳಗ ನಡೆದದ್ದು ಊರೊಳಗಿನ ಹಳೆಯ ರಸ್ತೆಯಲ್ಲಿ. ನಿಜಾಮರ ಪರ ಹೋರಾಡುತ್ತಿದ್ದ ರಜಾಕಾರರೆಂಬ ಖಾಸಗಿ ಪಡೆ ಅಲ್ಲಲ್ಲಿ ಎದುರು ನಿಂತಿತ್ತು. ಬೈಪಾಸ್ ಬಿಟ್ಟು ಊರೊಳಗೆ ಇಳಿಯದಿದ್ದರೆ ಈ ಪ್ರವಾಸಕ್ಕೆ ಅರ್ಥವಿಲ್ಲ.

ರಾಜೇಶ್ವರದ ಹತ್ತಿರ ಬಂದವರು ಬೀದರ್ ಜಿಲ್ಲೆಯದೇ ಆದ ಗೋರಟಾಕ್ಕೆ ಹೋಗಲೇಬೇಕು. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಹಳ್ಳಿಗೆ ನುಗ್ಗಿ ಸಾಮೂಹಿಕ ಹತ್ಯೆ ನಡೆಸಿದರು. ಅಲ್ಲಿ ಈಗ ಹುತಾತ್ಮರ ಸ್ಮಾರಕವಿದೆ. ಸೈನ್ಯ ಯಾಕೆ ಬಂತು ಎಂಬುದು ಗೋರಟಾದಲ್ಲಿ ನಿಂತಾಗ ತಿಳಿಯುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಿಜಾಮರ ಸೇನೆ ಶರಣಾದ ಮೇಲೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ, ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಗೋರಟಾ ನೋಡಿ ಕಣ್ಣೀರು ಹಾಕುವವರು ಈ ವರದಿಯನ್ನೂ ಓದಬೇಕು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಎರಡೂ ಕಡೆ ಸತ್ತವರಿಗೆ ಮಾಡುವ ಅನ್ಯಾಯ.

ಹುಮನಾಬಾದ್ ದಾಟಿದ ಮೇಲೆ ಜಹೀರಾಬಾದ್. ಕಪ್ಪು ಎರೆಭೂಮಿ ಹಿಂದೆ ಸರಿದು ಕೆಂಪು ಜಂಬಿಟ್ಟಿಗೆಯ ನೆಲ ಶುರುವಾಗಿರುತ್ತದೆ. ಬೀದರ್ ರಸ್ತೆ ಕೂಡುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಬೀದರ್ ಇಲ್ಲಿಂದ ಸುಮಾರು 30 ಕಿಲೋಮೀಟರ್. ಸೇನೆ ಆ ಕೋಟೆಯೂರನ್ನು ಹೊಕ್ಕದ್ದು 17ರ ಬೆಳಗ್ಗೆ. ಸಮೀಪದ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಇಂದಿಗೂ ಬೀದರ್ ಕಡೆಯ ಕನ್ನಡ ಭಕ್ತರು ನಡೆದುಕೊಳ್ಳುತ್ತಾರೆ. ಗಡಿ ಬದಲಾದರೂ ಒಕ್ಕಲು ಬದಲಾಗಿಲ್ಲ.

ನಾರಾಯಣಖೇಡ ಹೆದ್ದಾರಿಯಿಂದ ಉತ್ತರಕ್ಕಿದೆ, ತಾಂಡೂರು ದಕ್ಷಿಣಕ್ಕೆ. ಎರಡೂ ಮುಖ್ಯ ಪಡೆಯ ದಾರಿಯಲ್ಲಿರಲಿಲ್ಲ, ಹಾಗಾಗಿ ಯುದ್ಧದ ಪುಸ್ತಕಗಳಲ್ಲಿ ಅವುಗಳ ಹೆಸರು ಹುಡುಕಿದರೆ ನಿರಾಶೆಯಾದೀತು. ಹಿಂತಿರುಗುವಾಗ ತಾಂಡೂರಿನ ಮೇಲೆ ಬಂದರೆ ಹಾಸುಗಲ್ಲಿನ ಗಣಿ, ತೊಗರಿ ಹೊಲಗಳ ನಡುವೆ ವಾಡಿಗೆ ರೈಲು ಸಿಗುತ್ತದೆ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿ ಮುಂದೆ ರಾಷ್ಟ್ರಕೂಟರ ಮಳಖೇಡವನ್ನು ಮುಟ್ಟುತ್ತದೆ.

ಸೆಪ್ಟೆಂಬರಿನಲ್ಲೇ ಹೋಗಿ, ಅದೇ ಮಳೆ, ಅದೇ ಹಸಿರು ಇರುತ್ತದೆ. ಹಳೆಯ ರಸ್ತೆಯ ಊರುಗಳಲ್ಲಿ ರಜಾಕಾರರ ಹಾವಳಿಯನ್ನೂ, ಆಮೇಲಿನ ದಿನಗಳನ್ನೂ ಮಕ್ಕಳಾಗಿ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಕನ್ನಡ, ತೆಲುಗು, ಉರ್ದು, ಮರಾಠಿ, ಯಾವ ಭಾಷೆಯಲ್ಲಿ ಹೇಳಿದರೂ ಕುಳಿತು ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ದಾಖಲಿಸಿ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ಪ್ರತಿ ಕೊಡಿ.