ವಸಂತಕ್ಕೆ ಮುನ್ನ ಹಿತ್ತಲಿನ ಸಿದ್ಧತೆ

ಶಿವರಾತ್ರಿಗೆ ಚಳಿಯು ಶಿವಶಿವ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ನಾಡಿನ ಹಿರಿಯರ ಮಾತು. ಮಾಗಿಯ ಈ ಕೊನೆಯ ದಿನಗಳಲ್ಲಿ ಹೊಂಗೆಯ ಎಲೆಗಳು ಉದುರಿ ಅಂಗಳವನ್ನು ತುಂಬುತ್ತವೆ. ಮಾವು ಹೂ ಬಿಟ್ಟಿರುತ್ತದೆ. ಯುಗಾದಿಯ ಚಿಗುರಿಗೆ ಇನ್ನೂ ಕೆಲವು ವಾರಗಳಿವೆ. ಈ ಅವಧಿಯಲ್ಲಿ ಹಿತ್ತಲಲ್ಲಿ ಮಾಡಬೇಕಾದ ಕೆಲಸಗಳು ಹಲವು. ಮಾಡಬಾರದ ಕೆಲಸವೂ ಒಂದಿದೆ. ಅದನ್ನೇ ಮೊದಲು ಹೇಳುತ್ತೇವೆ.

ನಾವು ಹಿಂದೆ ಸೇವೆಯಲ್ಲಿದ್ದ ಧರ್ಮಕೇಂದ್ರದ ಗುರುಮನೆಯ ಹಿಂದೆ ಹಳೆಯ ರಸಪುರಿ ಮಾವಿನ ಮರವೊಂದಿತ್ತು. ಒಂದು ಫೆಬ್ರವರಿಯಲ್ಲಿ ಅಂಗಳ ಗುಡಿಸಿ, ಒಣಗಿದ ಎಲೆಗಳನ್ನು ಆ ಮರದ ಸಮೀಪವೇ ರಾಶಿ ಹಾಕಿ, ನಾವೇ ಬೆಂಕಿ ಇಟ್ಟೆವು. ಗಾಳಿ ತಿರುಗಿತು. ಕೆಳಗಿನ ಕೊಂಬೆಗಳ ಹೂಗೊಂಚಲುಗಳು ಕರಕಲಾದವು. ಹೊಗೆಯು ನೆರೆಮನೆಗೆ ನುಗ್ಗಿ, ಉಬ್ಬಸದಿಂದ ಬಳಲುತ್ತಿದ್ದ ವೃದ್ಧರೊಬ್ಬರನ್ನು ಅಂದು ರಾತ್ರಿಯೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಮನೆಗೆ ಮರಳಿದ ಮೇಲೆ ಕ್ಷಮೆ ಕೇಳಲು ಹೋದೆವು. “ಸ್ವಾಮಿಯವರೇ, ಎಲೆ ಮಣ್ಣಿನದು, ಮಣ್ಣಿಗೇ ಕೊಡಿ” ಎಂದಷ್ಟೇ ಅವರು ನುಡಿದರು.

ಅಂದಿನಿಂದ ನಾವು ಎಲೆಗಳನ್ನು ಸುಟ್ಟಿಲ್ಲ. ನೆರಳಿನ ಮೂಲೆಯಲ್ಲಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡಿರಿ. ಅರ್ಧ ಅಡಿ ಎಲೆ, ಅದರ ಮೇಲೆ ಸಗಣಿಯ ಬಗ್ಗಡ, ಒಂದು ಹಿಡಿ ಮಣ್ಣು ಎಂಬಂತೆ ಪದರ ಪದರವಾಗಿ ತುಂಬಿ, ತೇವ ಆರದಂತೆ ನೋಡಿಕೊಳ್ಳಿರಿ. ತಿಂಗಳಿಗೊಮ್ಮೆ ತಿರುವಿದರೆ ಮುಂಗಾರಿನ ವೇಳೆಗೆ ಗೊಬ್ಬರ ಕೈಗೆ ಬರುತ್ತದೆ. ಮಿಕ್ಕ ಎಲೆಗಳನ್ನು ಗಿಡಗಳ ಪಾತಿಯಲ್ಲಿ ಮೂರು ನಾಲ್ಕು ಅಂಗುಲ ದಪ್ಪ ಹೊದಿಸಿರಿ. ಕಾಂಡಕ್ಕೆ ಮಾತ್ರ ತಾಗದಿರಲಿ. ಬೇಸಿಗೆಯ ಬಿಸಿಲು ಮಣ್ಣಿನ ತೇವವನ್ನು ಹೀರದಂತೆ ಈ ಹೊದಿಕೆಯು ಕಾಯುತ್ತದೆ. ಬಾವಿಯಲ್ಲಿ ನೀರು ಇಳಿಯುವ ದಿನಗಳಲ್ಲಿ ಇದು ಸಣ್ಣ ಲಾಭವಲ್ಲ.

ಹೂವಿನಲ್ಲಿರುವ ಮಾವಿಗೆ ಈಗ ನೀರು ಬೇಡ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಬಳಿಕ ಆರಂಭಿಸಿದರೆ ಸಾಕು. ಹೂ ಪೂರ್ಣವಾಗಿ ಅರಳಿರುವಾಗ ಕೀಟನಾಶಕ ಸಿಂಪಡಿಸಬಾರದು. ಪರಾಗಸ್ಪರ್ಶ ಮಾಡುವ ನೊಣ, ಜೇನುಗಳು ಸತ್ತರೆ ಕಾಯಿ ಕಚ್ಚುವುದಾದರೂ ಹೇಗೆ? ಡಿಸೆಂಬರಿನಲ್ಲಿ ಸವರಿದ ಮಲ್ಲಿಗೆಯ ಬುಡವನ್ನು ಕೆದಕಿ, ಗೊಬ್ಬರವಿಕ್ಕಿ ನೀರುಣಿಸಿರಿ.

ಬೆಂಡೆ, ಹೀರೆ, ಸೌತೆ, ಹಾಗಲಗಳ ಬಿತ್ತನೆಗೆ ಇದು ಸಕಾಲ. ಹಾಗಲದ ಬೀಜದ ಸಿಪ್ಪೆ ಗಟ್ಟಿ. ಒಂದು ರಾತ್ರಿ ನೆನೆಸಿ ಬಿತ್ತಿರಿ. ಬಳ್ಳಿ ತರಕಾರಿಗಳಿಗೆ ಒಂದೂವರೆ ಅಡಿಯ ಗುಂಡಿ ತೆಗೆದು, ಗೊಬ್ಬರ ಬೆರೆಸಿ, ನಾಲ್ಕೈದು ಬೀಜವಿಟ್ಟು, ಮೊಳೆತ ಮೇಲೆ ಪುಷ್ಟವಾದ ಎರಡನ್ನು ಉಳಿಸಿಕೊಳ್ಳಿರಿ. ಬೆಂಡೆಯಂತೂ ಸುಮಾರು ಏಳು ವಾರಗಳಲ್ಲಿ ಅಡುಗೆಮನೆ ತಲುಪುತ್ತದೆ. ಮನೆಯ ಮಕ್ಕಳಿಗೆ ಒಂದೊಂದು ಪಾತಿಯನ್ನು ಒಪ್ಪಿಸಿರಿ. ತಪಸ್ಸುಕಾಲಕ್ಕೆ ಇದೂ ಒಂದು ವ್ರತವಾಗಲಿ.

ಬೀಜದಲ್ಲಿ ಮರವು ಸುಪ್ತ ಸಾಮರ್ಥ್ಯವಾಗಿ ಅಡಗಿದೆ ಎಂಬ ಅರಿಸ್ಟಾಟಲನ ವಿಚಾರವನ್ನು ನಾವು ಗುರುಮಠದಲ್ಲಿ ಓದಿದ್ದೆವು. ಆದರೆ ಆ ಸಾಮರ್ಥ್ಯವು ಸಿದ್ಧಿಗೆ ಬರಲು ಮಣ್ಣು, ನೀರು, ಕಾಲ ಮತ್ತು ಒಬ್ಬರ ಎಚ್ಚರ ಬೇಕೆಂಬುದನ್ನು ಹಿತ್ತಲೇ ನಮಗೆ ಕಲಿಸಿತು.

ಮರುವರ್ಷ ಆ ಮಾವಿನ ಕೆಳಕೊಂಬೆಗಳು ಹೂ ಬಿಡಲಿಲ್ಲ. ಅದರ ಮುಂದಿನ ವರ್ಷ ಬಿಟ್ಟವು. ಮೊದಲ ಬುಟ್ಟಿ ಹಣ್ಣನ್ನು ನಾವೇ ಹೊತ್ತು ನೆರೆಮನೆಗೆ ಕೊಟ್ಟು ಬಂದೆವು.